ಟೀವಿಯೊಳಗ ಓಡಿದ ಮಾವನ ಜೀಪು

ಮದುವಿಯಾಗಿ ಬಂದ ಮ್ಯಾಲ ವರ್ಷಗಟ್ಟಲೆ ನಾನು ನಮ್ಮ ಮಾವನ ಜೊತಿ ಒಂದು ಮಾತೂ ಆಡಿರಲಿಲ್ಲ. ಜಗಳ ಅಲ್ರೀ, ರೂಢಿ. ರಾಯಚೂರಿನ ನಮ್ಮ ಮನ್ಯಾಗ ಸೊಸಿ ಆದಾಕಿ ಮಾವನ ಮುಂದ ತಲಿ ಮ್ಯಾಲ ಸೆರಗು ಹೊದ್ದು ಬರಬೇಕು, ಬಾಜೂ ಕೂಡಬಾರದು, ನೇರ ಮಾತಾಡಬಾರದು. ಏನರ ಹೇಳೂದಿತ್ತಂದ್ರ ಅತ್ತಿಗೆ ಹೇಳಬೇಕು, ಅತ್ತಿ ಅವರಿಗೆ ಹೇಳಬೇಕು. ಮೂರೂ ಮಂದಿ ಒಂದೇ ಖೋಲ್ಯಾಗ ಇದ್ರೂ ಹಂಗೇ. "ಚಾ ಕುಡೀತಾರೇನು ಕೇಳ್ರಿ ಅತ್ತೀ" ಅಂತ ನಾನು, "ಚಾ ಕುಡೀತೀರೇನ್ರೀ" ಅಂತ ಅತ್ತಿ, "ಹೂಂ" ಅಂತ ಮಾವ. ಆ ಹೂಂ ನನ್ನ ಕಿವಿಗೆ ಚೊಲೋತ್ನಾಗಿ ಬಿದ್ದಿರತಿತ್ತು. ಆದ್ರೂ ಅತ್ತಿ ನನ್ನ ಕಡಿ ತಿರುಗಿ "ಕುಡೀತಾರಂತ" ಅನ್ನೋತನ ನಾನು ಒಲಿಗೆ ಪಾತ್ರಿ ಇಡಂಗಿಲ್ಲ. ನನಗ ಮೊದಲೇ ಮೂಗಿನ ತುದಿಗೆ ಸಿಟ್ಟು. ಅಡಗಿ ಮನ್ಯಾಗ ಒಬ್ಬಾಕಿನೇ ಗೊಣಗತಿದ್ದೆ.

ಹಂಗ ನೋಡಿದ್ರ ಮಾವನ್ನ ನಾನು ಮದುವಿಗಿಂತ ಮೊದಲೇ ಬಲ್ಲೆ. ನನ್ನ ತವರು ಮಾನ್ವಿ. ಅಲ್ಲಿ ಅಪ್ಪಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಬೆಸುಗಿ ಹಾಕೂದು, ವೈರ್ ಜೋಡಸೂದು ಎಲ್ಲಾ ನಾನು ಅಲ್ಲೇ ಕಲಿತೆ. ಎಪ್ಪತ್ತರ ದಶಕದಾಗ ರಾಯಚೂರಿನ ಒಂದಿಷ್ಟು ಜೀಪಿನ ಹುಚ್ಚರು, ಹತ್ತಿ ಬಿಡಿಸಿ ಹೊಲ ಖಾಲಿ ಆದ ಮ್ಯಾಲ ರೇಸ್ ಇಡತಿದ್ರು. ರಾಯಚೂರು ಬಿಟ್ಟು ದೇವದುರ್ಗ, ಅರಕೇರಾ, ಕವಿತಾಳ, ಮಾನ್ವಿ, ಕಲ್ಲೂರು ಮುಟ್ಟಿ ತಿರುಗಿ ರಾಯಚೂರು. ಒಳ್ಳೆ ಡಾಂಬರು ಸಿಕ್ರ ಪುಣ್ಯ, ಇಲ್ಲಾಂದ್ರ ಎರಿ ಮಣ್ಣಿನ ಧೂಳು. ಅಪ್ಪ ಮತ್ತ ನಾನು ಮಾನ್ವಿ ರಸ್ತಾದ ಮಗ್ಗಲಕ ಮಜ್ಜಿಗಿ ತಂಬಿಗಿ ಹಿಡಕೊಂಡು ನಿಂದ್ರತಿದ್ವಿ. ಬಾಯಿ ಒಣಗಿಸಿಕೊಂಡು ಬಂದವರೆಲ್ಲಾ ಜೀಪು ನಿಂದ್ರಿಸಿ ಗಟಗಟ ಕುಡಿದು ಹೋಗತಿದ್ರು. ಒಂದು ಜೀಪು ಮಾತ್ರ ಎಂದೂ ನಿಲ್ಲಲಿಲ್ಲ. ಅದರೊಳಗ ಇಬ್ಬರು ಗಂಟಲು ಹರಕೊಂಡು ಒದರತಿದ್ರು. "ಬೇವಿನ ಗಿಡ, ಎಡಕ್ಕ!" ಅಂತ ಒಬ್ಬಾವ. "ಎಡಕ್ಕ!" ಅಂತ ಓಡಸಾವ.

ಜಗಳಾಡಾಕತ್ತಾರ ಅಂತ ನಾನು ತಿಳಕೊಂಡಿದ್ದೆ. ಅಪ್ಪ ನಕ್ಕು ಹೇಳಿದ್ರು, ಅದು ಆ ಜೀಪಿನ ಕಾನೂನಂತ. ಬಾಜೂ ಕೂತಾವ ದಾರಿ ಹೇಳಬೇಕು, ಓಡಸಾವ ಅದನ್ನ ತಿರುಗಿ ಹೇಳಬೇಕು. ತಿರುಗಿ ಹೇಳಲಿಲ್ಲಂದ್ರ ಕೇಳಿಸಿಲ್ಲ ಅಂತ ಅರ್ಥ, ದಾರಿ ಹೇಳಾವ ಹಿಂದ ಮುಂದ ನೋಡದ ಹ್ಯಾಂಡ್ ಬ್ರೇಕ್ ಎಳದುಬಿಡತಾನ. "ಆ ಮನಷ್ಯಾನ ಜೀಪು ನಿಂದ್ರೂದು ಹಂಗೊಂದೇ ನೋಡವ್ವಾ, ತಾನಾಗಿ ಬ್ರೇಕಿಗೆ ಕಾಲಿಡಾಂವ ಅಲ್ಲ" ಅಂತಿದ್ರು ಅಪ್ಪ, ತಂಬಿಗ್ಯಾಗ ಉಳಿದ ಮಜ್ಜಿಗಿ ನನಗ ಕೊಟ್ಟು.

ಮುಂದ ರಾಯಚೂರಿಂದ ಒಂದು ಸಂಬಂಧ ಬಂತು. ಆ ಜೀಪು ಓಡಸಾವರ ಮನಿ ಅಂತ ಗೊತ್ತಾದ ಕೂಡಲೇ ನಾನು ಹೂಂ ಅಂದೆ. ಗಂಡನ್ನ ನೋಡೂಕಿಂತ ಮೊದಲು ಜೀಪು ಒಪ್ಪಿದಾಕಿ ಅಂತ ನಮ್ಮ ಮನಿಯವರು ಇವತ್ತಿಗೂ ಚಾಷ್ಟಿ ಮಾಡತಾರ. ಸುಳ್ಳೇನಲ್ಲ ಬಿಡ್ರಿ.

ಮಾತಿಲ್ಲದಿದ್ರೂ ಮಾವಗ ಮತ್ತ ನನಗ ಒಂದು ವ್ಯವಹಾರ ಇತ್ತು. ಕೆಟ್ಟ ಬ್ಯಾಟರಿ, ಟೇಪ್ ರೆಕಾರ್ಡರ್, ಜೀಪಿನ ಹಾರ್ನು, ಏನರ ಅಡಗಿ ಮನಿ ಹೊಸ್ತಿಲ ಮ್ಯಾಲ ಇಟ್ಟು, ಕೆಮ್ಮಿ ಹೋಗತಿದ್ರು. ನಾನು ರಿಪೇರಿ ಮಾಡಿ ಅಲ್ಲೇ ಇಡತಿದ್ದೆ. ಮರುದಿನ ಅದೇ ಹೊಸ್ತಿಲ ಮ್ಯಾಲ ಪೇಪರಿನ್ಯಾಗ ಸುತ್ತಿದ ಬಿಸಿ ಮಿರ್ಚಿ ಭಜಿ ಇರತಿದ್ದವು. ಅತ್ತಿ ನೋಡಿಯೂ ನೋಡದಂಗ ಇರತಿದ್ರು, ಆದ್ರ ಮಿರ್ಚ್ಯಾಗ ಮಾತ್ರ ಪಾಲಿಗೆ ಬರತಿದ್ರು.

ಎಂಬತ್ತರ ದಶಕದ ನಡುವ ಒಂದು ಮುಂಜಾನಿ ಮಾವಗ ಲಕ್ವಾ ಹೊಡೀತು. ಬಲಗೈ ಬಲಗಾಲು ಬಿದ್ದುಹೋದವು, ಬಾಯಿ ಸೊಟ್ಟಾತು. ಜೀಪು ಮಾರಿದ್ವಿ. ದವಾಖಾನಿಯಿಂದ ಬಂದ ಮ್ಯಾಲ ಒಂದೆರಡು ಸಲ ಮಾತಾಡಾಕ ನೋಡಿದ್ರು. ತಮ್ಮ ತೊದಲು ತಮಗೇ ಕೇಳಿಸಿ ನಾಚಿಕಿ ಬಂತೋ ಏನೋ, ಬಾಯಿಗೆ ಬೀಗ ಹಾಕಿ ಗ್ವಾಡಿ ಕಡಿ ಮಾರಿ ಮಾಡಿ ಮಲಗಿಬಿಟ್ರು. ಡಾಕ್ಟರು ಮುಚ್ಚುಮರಿ ಇಲ್ಲದ ಹೇಳಿದ್ರು: ನಾಲಿಗಿ ಆಡಿಸಿದ್ರ ಮಾತು ತಿರುಗಿ ಬರತದ, ಹಿಂಗ ಸುಮ್ನ ಬಿಟ್ರ ಹೋದದ್ದು ಹೋತು. ಅತ್ತಿ ಬೇಡಿಕೊಂಡ್ರು, ಅತ್ತರು. ಮಗ ಬೈದು ನೋಡಿದ್ರು. ಮಾವ ತುಟಿ ಬಿಚ್ಚಲಿಲ್ಲ. ಹೆಣ್ಣುಮಕ್ಕಳೆಲ್ಲಾ ತವರಿಗೆ ಹೋಗೋ ನಾಗರ ಪಂಚಮಿಗೆ ಆ ವರ್ಷ ನಾನು ಹೋಗಲಿಲ್ಲ. ಅಪ್ಪನೇ ಮಾನ್ವಿಯಿಂದ ಉಂಡಿ ಕಟ್ಟಿ ಬಸ್ಸಿನ್ಯಾಗ ಕಳಿಸಿದ್ರು.

ನಮ್ಮ ಮನಿಯವರಿಗೆ ದೇವದುರ್ಗದ ಆಫೀಸಿನ್ಯಾಗ ನೌಕರಿ. ಒಂದಿನ ಸಂಜಿ ಬಸ್ಸಿಗೆ ಬರುವಾಗ ಬಗಲಾಗ ಒಂದು ಡಬ್ಬಿ ಹಿಡಕೊಂಡು ಬಂದ್ರು. ದುಬೈದಾಗಿದ್ದ ಅವರ ದೋಸ್ತ ತಂದ ಕಂಪ್ಯೂಟರು. ಅಂಗೈ ಎರಡು ಕೂಡಿಸಿದಷ್ಟು ಕರೀ ಪೆಟಿಗಿ, ಮ್ಯಾಲ ರಬ್ಬರಿನ ಗುಂಡಿಗಳು. ಅದನ್ನ ಟೀವಿಗೆ ಹಚ್ಚಿ, ಟೇಪ್ ರೆಕಾರ್ಡರಿನ್ಯಾಗ ಕ್ಯಾಸೆಟ್ ಹಾಕಿ, ಕಿರ್ರ್ ಅಂತ ಕಿವಿ ಹರಿಯೋ ಸಪ್ಪಳ ಮುಗಿಯೋತನ ಕಾದ್ರ ಟೀವಿಯೊಳಗ ಕಾರಿನ ರೇಸು ಬರತಿತ್ತು. ನಾವಿಬ್ಬರೂ ಸಣ್ಣ ಹುಡುಗರಂಗ ಆಡಾಕತ್ತಿದ್ವಿ. ನಡುವ ನಾನು ಹಿಂದ ತಿರುಗಿ ನೋಡಿದೆ. ಮಾವ ಗ್ವಾಡಿ ಬಿಟ್ಟು ಈ ಕಡಿ ಹೊಳ್ಳಿದ್ರು. ಅವರ ಎಡಗೈ ಹಾಸಗಿ ಮ್ಯಾಲ ಸಣ್ಣಗ ಸ್ಟೇರಿಂಗ್ ತಿರುವಾಕತ್ತಿತ್ತು.

ಮರುದಿನವೇ ಕೆಲಸಕ್ಕ ಹತ್ತಿದೆ. ಜೋಳದ ಚೀಲದ ಹಿಂದ ಜೀಪಿನ ಹಳೇ ಸ್ಟೇರಿಂಗ್ ಒಂದು ಬಿದ್ದಿತ್ತು. ಅದನ್ನ ಕಟ್ಟಿಗಿ ಸ್ಟೂಲಿಗೆ ಕೂಡಿಸಿ, ಎಡಕ್ಕೊಂದು ಬಲಕ್ಕೊಂದು ಕಾಲಿಂಗ್ ಬೆಲ್ಲಿನ ಬಟನ್ ಹಚ್ಚಿದೆ. ಕಾಲಾಗ ಬ್ರೇಕಿಗೆ ಅಂತ ಇನ್ನೊಂದು. ಅವುಗಳ ವೈರು ಕಂಪ್ಯೂಟರಿನ ಗುಂಡಿಗೆ ಬೆಸೀಬೇಕಾದ್ರ ಪೆಟಿಗಿ ಬಿಚ್ಚಲೇಬೇಕು. ಸಂಜಿಗೆ ಬಂದು ನೋಡಿ ನಮ್ಮ ಮನಿಯವರು ತಲಿ ಮ್ಯಾಲ ಕೈ ಹೊತ್ತು ಕೂತ್ರು. "ಮಂದಿ ಸಾಮಾನು ಲೇ ಅದು! ಸುಟ್ಟುಗಿಟ್ಟು ಹೋದ್ರ?" ಅಂದ್ರು. "ಸುಟ್ರ ನಾ ಸುಡಸ್ಕೋತೀನಿ, ನೀವು ಕೈ ಕಾಲು ತೊಳಕೊಳ್ರಿ" ಅಂದೆ. ಸುಡಲಿಲ್ಲ. ಅವತ್ತಿಂದ ಮಾವ ದಿನಾ ಎದ್ದು ಕೂಡಾಕತ್ತಿದ್ರು, ಎಡಗೈಲೇ ಓಡಸಾಕತ್ತಿದ್ರು. ಬ್ರೇಕಿನ ಬಟನ್ನು ಮಾತ್ರ ನಾ ಹಚ್ಚಿದ್ದೇ ಬಂತು, ಅದನ್ನ ಅವರು ಮುಟ್ಟಲೇ ಇಲ್ಲ. ಮಾತೂ ಇಲ್ಲ.

ಆಮ್ಯಾಲ ಆತು ನೋಡ್ರಿ ಅನಾಹುತ. ಅತ್ತಿ ಪ್ರತಿ ಸೋಮವಾರ ಮಠದಾಗ ಭಜನಿ ಮಾಡಾಕ ಹೋಗತಿದ್ರು. ತಮ್ಮ ಮೇಳದ ಪದ ಟೇಪಿಗೆ ತುಂಬೂದು ಅವರ ಹುಚ್ಚು. ಒಂದಿನ ಆಟದ ಕ್ಯಾಸೆಟ್ ಹಾಕಿ ಕೇಳ್ಯಾರ, ಕಿರ್ರ್ ಅಂದದ. ಕೆಟ್ಟ ಕ್ಯಾಸೆಟ್ಟು, ದೇವರ ಪದಕ್ಕರ ಆಗಲಿ ಅಂತ ಮಠಕ್ಕ ಒಯ್ದು ತಾಳ, ಧಮಡಿ ಸಮೇತ ಭಜನಿ ತುಂಬಿಕೊಂಡು ಬಂದಾರ! ಮರುದಿನ ಮಾವ ಸ್ಟೇರಿಂಗ್ ಹಿಡಕೊಂಡು ಕೂತ್ರ ಟೀವಿಯೊಳಗ ಏನೂ ಇಲ್ಲ, ಟೇಪಿನೊಳಗಿಂದ ನಮ್ಮ ಅತ್ತಿ ಧ್ವನಿ.

"ಅಯ್ಯ ನಮ್ಮವ್ವ! ಏನು ಮಾಡೀರಿ ಅತ್ತೀ!" ಅಂತ ನಾನು ಒದರಿದೆ. ಅತ್ತಿ ಮೊದಲು ಜಗಳಕ್ಕ ಬಂದ್ರು, "ಕೆಟ್ಟದ್ದೋ ಚಲೋದೋ ನನಗೇನು ಗೊತ್ತವಾ, ದೆವ್ವ ಚೀರಿದಂಗ ಚೀರತಿತ್ತು" ಅಂದ್ರು. ಅಷ್ಟರಾಗ ಮಾವ ಸ್ಟೇರಿಂಗ್ ಬಿಟ್ಟು ಮಲಗಿ ಗ್ವಾಡಿ ಕಡಿ ಹೊಳ್ಳಿದ್ರು. ಅದನ್ನ ನೋಡಿ ಅತ್ತಿ ಕೂತಲ್ಲೇ ಕುಸಿದ್ರು. ಅವರ ಕಣ್ಣೀರು ನೋಡಿ ನನ್ನ ಸಿಟ್ಟು ಎಲ್ಲಿ ಹೋತೋ.

ಅಂಥ ಕ್ಯಾಸೆಟ್ ರಾಯಚೂರಿನ್ಯಾಗ ಎಲ್ಲಿ ಸಿಗಬೇಕು? ಕಂಪ್ಯೂಟರ್ ಜೊತಿ ಬಂದ ಪುಸ್ತಕ ಇಟ್ಟುಕೊಂಡು ನಾನೇ ಒಂದು ಆಟ ಬರಿಯಾಕ ಕೂತೆ. ದೊಡ್ಡದೇನಲ್ಲ, ಎರಡು ಗೆರಿ ಮ್ಯಾಲಿಂದ ಕೆಳಗ ಹರೀತಾವ, ನಡುವ ಒಂದು ಚುಕ್ಕಿ ಜೀಪು. ರಸ್ತಾ ಯಾವುದು ಹಾಕಲಿ? ಹೊರದೇಶದ ರಸ್ತಾ ನಾನೇನು ಬಲ್ಲೆ. ಹಾಕಿದ್ರ ಮಾವನ ರಸ್ತಾ ಹಾಕಬೇಕು ಅನಿಸ್ತು. ಆದ್ರ ಅದರ ತಿರುವು ಗೊತ್ತಿದ್ದದ್ದು ಮಾವ ಒಬ್ಬರಿಗೇ. "ದೇವದುರ್ಗದ ದಾರಿ ಹೆಂಗ ಹೋಗತದ ಕೇಳ್ರಿ ಅತ್ತೀ" ಅಂದೆ. ಅತ್ತಿ ಕೇಳಿದ್ರು. ಮಾವ ಗ್ವಾಡಿ ಬಿಟ್ಟು ಈ ಕಡಿ ಹೊಳ್ಳಿದ್ರು. ಆಮ್ಯಾಲ ಎಡಗೈ ಚಾಚಿದ್ರು. ಅತ್ತಿ ಹಾಲಿನ ಲೆಕ್ಕ ಬರಿಯೋ ಬಿಳೀ ಖಡು ಕೊಟ್ರು.

ಪರಸಿ ಕಲ್ಲಿನ ನೆಲದ ಮ್ಯಾಲ ರಸ್ತಾ ಬೆಳೀತಾ ಹೋತು. ಕೂತು, ತೆವಳಿ, ಬಾಗಲತನ ಬರದ್ರು. ಇಲ್ಲಿ ಹಳ್ಳ, ಇಲ್ಲಿ ಬೇವಿನ ಗಿಡ, ಇಲ್ಲಿ ಕಲ್ಲೂರಿನ ದೊಡ್ಡ ತಿರುವು. ಅಷ್ಟು ದಿನ ಅತ್ತಿ ಕಸ ಹೊಡೀಲಿಲ್ಲ. "ನನ್ನ ಕಸಬರಿಗಿ ಅರಕೇರಾದ ಹತ್ತಿರ ಬಂದು ನಿಂತದವಾ, ಲಗೂನ ಬರಕೋ" ಅಂತಿದ್ರು. ನಾನು ನೋಡಿ ನೋಡಿ ಕಂಪ್ಯೂಟರಿಗೆ ಕುಟ್ಟಿದೆ. ಊರು ಬಂದಾಗ ಊರಿನ ಹೆಸರು ಇಂಗ್ಲಿಷ್ ಅಕ್ಷರದಾಗ ಬರೋಹಂಗ, ಬ್ರೇಕಿನ ಬಟನ್ ಒತ್ತಿದ್ರ ಜೀಪು ನಿಂದ್ರೋಹಂಗ ಮಾಡಿದೆ. ಮುಗಿದದ್ದನ್ನ ಹೊಸ ಕ್ಯಾಸೆಟ್ಟಿಗೆ ತುಂಬಿದ ಕೂಡಲೇ ಅತ್ತಿ ಅದರ ಡಬ್ಬಿಗೆ ಮೂರು ಬಟ್ಟು ವಿಭೂತಿ ಎಳದು ದೇವರ ಜಗಲಿ ಮ್ಯಾಲ ಇಟ್ಟುಬಿಟ್ರು, ಇನ್ಯಾರೂ ಮುಟ್ಟಬಾರದಂತ.

ಖರೇ ಹೇಳಬೇಕಂದ್ರ ಆಟ ಸರಿ ಕೂಡಲಿಲ್ಲ. ಸಣ್ಣ ಪೆಟಿಗಿ, ಮುಂದಿನ ರಸ್ತಾ ತೋರಸೂದು ಗೇಣುದ್ದ. ತಿರುವು ಕಣ್ಣಿಗೆ ಬೀಳೂದರಾಗ ಜೀಪು ಹೊಲದಾಗ ಇರತಿತ್ತು. ಮಾವ ಬಿದ್ರು, ಮತ್ತ ಬಿದ್ರು. ದಾರಿ ಹೇಳಾವರು ಬೇಕಿತ್ತು. ಅವರ ಹಳೇ ಜೊತಿಗಾರ ತೀರಿಹೋಗಿ ಬಹಳ ದಿನ ಆಗಿತ್ತು, ಮಗ ಹಗಲೆಲ್ಲಾ ದೇವದುರ್ಗದಾಗ. ಅತ್ತಿ ಮುಂದ ಬಂದು ಗಂಡನ ಎದುರಿಗೆ ಕೂತು "ಎಡಕ್ಕ ಅಂದ್ರ ನನ್ನ ಎಡಕ್ಕೋ ಅವರ ಎಡಕ್ಕೋ" ಅಂತ ನನ್ನನ್ನೇ ಕೇಳಿದ್ರು. ಎರಡು ಸಲ ಜೀಪು ಕೆಡವಿ, ಎದ್ದು, ಸೆರಗು ಝಾಡಿಸಿ, "ತಿರುವೆಲ್ಲಾ ಗೊತ್ತಿದ್ದಾಕಿ ನೀನು. ನೀನೇ ಕೂಡು" ಅಂದ್ರು.

"ನಾನು? ಮಾವಾರ ಬಾಜೂ?"

"ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ. ಕೂಡಬೇ ಸುಮ್ನ" ಅಂದು ಅತ್ತಿ ತಾವೇ ಚಾಪಿ ಹಾಸಿದ್ರು.

ಕೂತೆ. ತಲಿ ಮ್ಯಾಲಿನ ಸೆರಗು ಸರಿ ಮಾಡಿಕೊಂಡೆ. ಜೀಪು ಹೊಂಟಿತು. "ಎಡಕ್ಕ" ಅಂದೆ, ಮಾವ ಎಡಕ್ಕ ಹೊಳ್ಳಿಸಿದ್ರು, ತಿರುವು ದಾಟಿತು. ಅವರ ಸೊಟ್ಟ ಬಾಯಾಗ ಸಣ್ಣ ನಗಿ ಬಂತು. ಆಗ ನನಗ ಮಾನ್ವಿ ರಸ್ತಾ ನೆನಪಾತು, ಆ ಜೀಪಿನ ಕಾನೂನು ನೆನಪಾತು. ಮುಂದಿನ ತಿರುವಿಗೆ "ಬಲಕ್ಕ" ಅಂದೆ. ಮಾವ ಹೊಳ್ಳಿಸಿದ್ರು, ತುಟಿ ಬಿಚ್ಚಲಿಲ್ಲ. ನಾನು ಗುಂಡಿ ಒತ್ತಿ ಆಟ ನಿಂದ್ರಿಸಿಬಿಟ್ಟೆ.

ಮಾವ ನನ್ನ ಕಡಿ ಕೆಕ್ಕರಿಸಿ ನೋಡಿದ್ರು. ಸೊಸಿಯಾಗಿ ಬಂದ ಮ್ಯಾಲ ಅವರ ಕಣ್ಣು ನಾನು ಕಂಡದ್ದು ಅದೇ ಮೊದಲು. ನಾನೂ ತಲಿ ತಗ್ಗಿಸಲಿಲ್ಲ. "ತಿರುಗಿ ಹೇಳಲಿಲ್ಲಂದ್ರ ಹ್ಯಾಂಡ್ ಬ್ರೇಕ್. ನಿಮ್ಮ ಜೀಪಿಂದೇ ಕಾನೂನು ಮಾವಾರ" ಅಂದೆ. ಅತ್ತಿ ಬಾಯಿಗೆ ಸೆರಗು ಹಚ್ಚಿದ್ರು. ಮತ್ತ ಮೊದಲಿಂದ ಶುರು. "ಎಡಕ್ಕ" ಅಂದೆ. ಮಾತಿಲ್ಲ. ನಿಂದ್ರಿಸಿದೆ. ಮತ್ತ ಶುರು, ಮತ್ತ ನಿಂದ್ರಿಸಿದೆ. ಮಾವನ ಮಾರಿ ಕೆಂಪಾತು, ಕೊಳ್ಳಿನ ನರ ಉಬ್ಬಿದವು, ಎಡಗೈಲೇ ಸ್ಟೂಲಿಗೆ ಗುದ್ದಿದ್ರು. ಬಿಟ್ಟುಬಿಡಲೇನು ಅನಿಸ್ತು. ಬಿಡಲಿಲ್ಲ. "ಎಡಕ್ಕ" ಅಂದೆ.

"ಯ... ಯಡಾ... ಕ್ಕ" ಅಂದ್ರು ಮಾವ.

ಅತ್ತಿ ದೇವರ ಜಗಲಿ ಕಡಿ ಓಡಿಹೋದ್ರು. ನಾನು ಓಡಂಗಿರಲಿಲ್ಲ, ಮುಂದಿನ ತಿರುವು ಬಂದಿತ್ತು.

ಅಲ್ಲಿಂದ ದಿನಾ ಊಟ ಆದ ಮ್ಯಾಲ ನಮ್ಮ ರೇಸು. ಕರೆಂಟ್ ಹೋದ್ರ ಇಬ್ಬರೂ ಬಲ್ಬು ನೋಡಕೋತ ಕೂಡತಿದ್ವಿ. ತಿಂಗಳು ಉರುಳಿದಂಗ ಎಡಕ್ಕ, ಬಲಕ್ಕ, ಸೀದಾ, ಹಳ್ಳ, ಬೇವಿನ ಗಿಡ, ಎಲ್ಲಾ ಅವರ ಬಾಯಾಗ ತಿಳಿಯಾಕತ್ತಿದವು. ಆದ್ರ ನಾನು ಅಂದದ್ದನ್ನ ತಿರುಗಿ ಅನ್ನೂದಷ್ಟೇ. ಆಟ ಮುಗೀತಂದ್ರ ಬಾಯಿ ಮತ್ತ ಬಂದ್. ತಮ್ಮದು ಅಂತ ಒಂದು ಮಾತಿಲ್ಲ, ನೀರು ಬೇಕಂದ್ರೂ ಕೈ ಸನ್ನಿ. ಡಾಕ್ಟರು ನಕ್ಕು, "ಗಿಳಿ ಮಾತು ಬಂದದ, ಮನಷ್ಯಾರ ಮಾತು ಬರಬೇಕು" ಅಂದ್ರು. ನನಗ ಅಳು ಬಂತು.

ಮತ್ತ ಪಂಚಮಿ ಹತ್ತಿರ ಬಂತು. ಈ ವರ್ಷರ ಬರತೀಯೇನವ್ವಾ ಅಂತ ಅಪ್ಪ ಮಾನ್ವಿಯಿಂದ ಹೇಳಿ ಕಳಿಸಿದ್ರು. ಮಾವಾರನ್ನ ಬಿಟ್ಟು ಹೆಂಗ ಬರಲಿ, ಮುಂದಿನ ವರ್ಷ ನೋಡೂಣು ಅಂತ ಮಾವನ ಖೋಲಿ ಬಾಗಲದಾಗ ನಿಂತು ಬಂದಾವರ ಮುಂದ ಹೇಳಿ, ಅಡಗಿ ಮನ್ಯಾಗ ಹೋಗಿ ಕಣ್ಣು ಒರಸಿಕೊಂಡೆ. ಮಧ್ಯಾಹ್ನ ಎಂದಿನಂಗ ಚಾಪಿ ಮ್ಯಾಲ ಕೂತೆ. ಅತ್ತಿ ಆ ಕಡಿ ಉಂಡಿ ಕಟ್ಟಾಕತ್ತಿದ್ರು. ದೇವದುರ್ಗ ದಾಟಿತು, ಅರಕೇರಾ ದಾಟಿತು. ಅವತ್ತು ಮಾವ ಒಂದು ಸಲನೂ ಹೊಲಕ್ಕ ಇಳಿದಿರಲಿಲ್ಲ. ಹಿಂಗೇ ಹೋಗಿದ್ರ ಅವರ ಎಲ್ಲಾ ಆಟಕ್ಕಿಂತ ಲಗೂನ ರಾಯಚೂರು ಮುಟ್ಟತಿದ್ರು.

"ಕವಿತಾಳ. ಬಲಕ್ಕ."

"ಬಲಕ್ಕ."

ಟೀವಿ ಮ್ಯಾಲ ಮಾನ್ವಿ ಅಂತ ಅಕ್ಷರ ಬಂತು. ನಾನು ಸೀದಾ ಅನ್ನಾಕ ಬಾಯಿ ತೆರದೆ. ಅಷ್ಟರಾಗ ಜೀಪು ನಿಂತುಬಿಡ್ತು. ವೈರ್ ಕಿತ್ತದೇನು ಅಂತ ಬಗ್ಗಿ ನೋಡಿದೆ. ಮಾವನ ಎಡಗಾಲು ಬ್ರೇಕಿನ ಬಟನ್ ಮ್ಯಾಲ ಗಟ್ಟಿಯಾಗಿ ಕೂತಿತ್ತು.

"ಯವ್ವಾ" ಅಂದ್ರು ಮಾವ.

ಅತ್ತಿ ಕೈಯಾಗಿನ ಉಂಡಿ ಕೈಯಾಗೇ ಉಳೀತು.

"ಮಾನ್ವಿ... ಬಂತು. ಇಳಿ. ಅಪ್ಪನ್ನ... ನೋಡಿ ಬಾ. ನಾ... ನಿಂದ್ರತೀನಿ."

ಕಾನೂನಿನ ಪ್ರಕಾರ ನಾನು ತಿರುಗಿ ಹೇಳಬೇಕಿತ್ತು. ನಾನು ಟೀವಿ ಮ್ಯಾಲಿನ ಮಾನ್ವಿ ಅನ್ನೋ ಅಕ್ಷರಾನೇ ನೋಡಕೋತ ಕೂತೆ. ಮಾವ ಕಾಲು ತೆಗೀಲಿಲ್ಲ, ನನ್ನ ಮಾರಿ ನೋಡಕೋತ ಕಾದ್ರು.

"ತಿರುಗಿ ಹೇಳವ್ವಾ. ಕೇಳಸ್ಲಿಲ್ಲೇನು?"

"ಮಾನ್ವಿ ಬಂತು ಮಾವಾರ" ಅಂದೆ.