ಖತೀಜಕ್ಕನ ಬೋಳು ಟೈರು

ಕಳೆದ ಮೂರು ರೇಸಿಗೆ ಟೈರು ಕಡೆದುಕೊಟ್ಟ ಕೂಲಿ ಚನ್ನಪಟ್ಟಣದ ಗೊಂಬೆ ಕೆಲಸದ ಖತೀಜಕ್ಕನಿಗೆ ಇನ್ನೂ ಸಂದಿಲ್ಲ. ಆದರೂ ಭಾನುವಾರ ಬಂತೆಂದರೆ ರಿಮೋಟ್ ಕಾರಿನ ರೇಸು ನಡೆಯುವ ಜಾಗದಲ್ಲಿ ಅವಳು ಹಾಜರು. ಮೊದಲು ಡಾಂಬರಿನ ಮೇಲೆ ಅಂಗೈ ಊರಿ, ರೊಟ್ಟಿ ಹೆಂಚು ಕಾದಿದೆಯಾ ಅಂತ ನೋಡುವ ಹಾಗೆ ಬಿಸಿ ನೋಡುತ್ತಾಳೆ. ಆಮೇಲೆ ಗೀರು, ಹಲ್ಲು ಏನೂ ಇಲ್ಲದ ಸ್ಪಂಜಿನ ಬೋಳು ಟೈರುಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಹಿಚುಕುತ್ತಾಳೆ. 'ಖತೀಜಕ್ಕಾ, ಮೆತ್ತಂದೇ ಹಾಕು, ಒಸಿ ಹಿಡಿತ ಸಿಕ್ತದೆ' ಅಂತ ಕಾರು ಓಡಿಸಲು ಬಂದ ಕೈಲಾಂಚ ಊರಿನ ಸಿದ್ದರಾಮು ಗೋಗರೆದರೆ, 'ಈ ಬಿಸ್ಲಿಗೆ ಮೆತ್ತಂದು ಮೂರು ಸುತ್ತಿಗೇ ಸವೆದೋಯ್ತದೆ ಕಣೋ. ಗಟ್ಟಿದು ತಗೊಂಡು ಬಾಯಿ ಮುಚ್ಕೊಂಡು ಓಡ್ಸು' ಅನ್ನುತ್ತಾಳೆ. ಬುಗುರಿ ಕಡೆಯುವ ಮಿಷನ್ನಿಗೇ ಟೈರು ಸಿಕ್ಕಿಸಿ ಉಪ್ಪು ಕಾಗದ ಹಿಡಿದಳೆಂದರೆ ನಾಲ್ಕೂ ಕೂದಲೆಳೆ ವ್ಯತ್ಯಾಸವಿಲ್ಲದೆ ದುಂಡಗಾಗಬೇಕು. ಹುಣ್ಣಿಮೆ ಚಂದ್ರ ಕೈಗೆ ಸಿಕ್ಕರೂ ಸೊಟ್ಟಗಿದ್ದಾನೆಂದು ಇನ್ನೊಂದು ಸಲ ಕಡೆದಾಳು. ಗೆದ್ದವರು ಕಪ್ಪು ಎತ್ತಿ ಫೋಟೋ ತೆಗೆಸಿಕೊಳ್ಳುವಾಗ ಇವಳು ಮುಂದಿನವರ ಟೈರು ಒರೆಸುತ್ತಿರುತ್ತಾಳೆ. ಆದರೆ ಅವಳ ಚೀಲದ ತಳದಲ್ಲಿ ಅರಗಿನ ಹಳದಿ ಬಳಿದ ಅವಳದೇ ಕಾರೊಂದಿದೆ. ಯಾರೂ ಬರುವ ಮೊದಲೇ ಬಂದು ಅದನ್ನು ಓಡಿಸಿ ಕೈ ಪಳಗಿಸಿಕೊಂಡಿದ್ದಾಳೆ. ಈ ಸಲ ರೇಸಿಗೆ ಅರ್ಜಿಯನ್ನೂ ತುಂಬಿದ್ದಾಳೆ. ಹಳೇ ಓಟಗಾರರೊಬ್ಬರ ಸಹಿ ಇಲ್ಲದೆ ರೇಸು ನಡೆಸುವ ಕ್ಲಬ್ಬಿನವರು ಅದನ್ನು ಮುಟ್ಟುವುದಿಲ್ಲ. 'ಸೋತ್ರೆ ಸೋತೆ, ಓಡ್ಸಕ್ಕಾದ್ರೂ ಬುಡ್ಲಿ' ಅನ್ನುತ್ತಾಳೆ. ಅವಳು ಕಡೆದ ಟೈರಿನ ಮೇಲೆ ಗೆದ್ದ ಹಳೇ ಓಟಗಾರರಲ್ಲಿ ನೀವೂ ಒಬ್ಬರು. ಪೆನ್ನು ತೆಗೀರಿ, ಸಹಿ ಹಾಕಿ.