ಹಿಮನದಿ ಮಾಲಿನಿಯ ಕಾಫಿ ಲೋಟ

ಹಿಮನದಿ ಜಾರುವ ಬಗೆಯಲ್ಲಿ ಭೂಕಂಪದ ಗುಟ್ಟು ಹುಡುಕುವ ವಿಜ್ಞಾನಿ, ಕುಂತೂರಿನ ಮಾಲಿನಿ, ರಜೆಗೆ ತವರಿಗೆ ಬಂದರೆ ಯಾವ ಸಾಮಾನೂ ಇಟ್ಟಲ್ಲಿ ಇರುವುದಿಲ್ಲ. ಬೆಲ್ಲದಚ್ಚಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಒದ್ದೆ ಹಲಗೆಯ ಮೇಲೆ ಮೆಲ್ಲಗೆ ಎಳೆಯುತ್ತಾಳೆ. ಜಗ್ಗದೆ ಕೂತಿದ್ದ ಅಚ್ಚು ತಟಕ್ಕನೆ ಜಾರಿದರೆ ಚಪ್ಪಾಳೆ ತಟ್ಟುತ್ತಾಳೆ. “ಅಂಟ್ಕಂಡಿರದು ಸುಮ್ಕಿರಾಕಿಲ್ಲ ಕಣತ್ತಿಗೆ, ಒಳಗೊಳಗೇ ಬಿಗೀತಾ ಇರ್ತದೆ. ಐಸೂ ಅಷ್ಟೆ, ಭೂಮಿನೂ ಅಷ್ಟೆ,” ಎಂದು ಅತ್ತಿಗೆ ಕೋಮಲಳಿಗೆ ದಿನಾ ಪಾಠ. ತಂಗಿ ತನ್ನಿಷ್ಟದಂತೆ ಮದುವೆಯಾದಳೆಂದು ಅವಳೊಡನೆ ಮಾತು ಬಿಟ್ಟ ಅಣ್ಣ ಬಸವೇಶನಿಗೆ ಮಾತ್ರ ಪಾಠವಿಲ್ಲ; ಬೆಳಿಗ್ಗೆ ಅವನ ಮುಂದೆ ಕಾಫಿ ಲೋಟವಿಟ್ಟು, ಬೆರಳಲ್ಲಿ ಚೂರೇ ಚೂರು ಅವನತ್ತ ತಳ್ಳಿ ಕಾಯುತ್ತಾಳೆ. ಮೊನ್ನೆ ಅವನು ಒಂದು ಗುಟುಕು ಕುಡಿದು, “ಸಕ್ರೆ ಸಾಲ್ದು ಕಣವ್ವಾ” ಎಂದ. ಮಾಲಿನಿ ಅಡುಗೆಮನೆಗೆ ಓಡಿ, “ಅತ್ತಿಗೆ, ಜಾರ್ಬುಡ್ತು!” ಎಂದು ಸಕ್ಕರೆ ಡಬ್ಬವನ್ನೇ ತಬ್ಬಿಕೊಂಡಳು.