ನೋಡದ ಚಿತ್ರದ ಕೊನೆಯ ದೃಶ್ಯ

ಶ್ರವಣಬೆಳಗೊಳದ ಪ್ರೇಮಕುಮಾರಿ ತನ್ನ ಹದಿನೇಳನೆಯ ವಯಸ್ಸಿನಲ್ಲಿ ಬಸದಿಯ ದೇವರೆದುರು ನಿಂತು ಒಂದು ನೇಮ ಹಿಡಿದಳು. ಬಿ.ಎ. ಪಾಸಾಗುವವರೆಗೆ ಸಿನಿಮಾ ನೋಡುವುದಿಲ್ಲ ಎಂಬುದೇ ಆ ನೇಮ. ನಮ್ಮ ಕಡೆಯ ಜೈನರ ಮನೆಗಳಲ್ಲಿ ನೇಮ ಹಿಡಿಯುವುದು ಹೊಸದೇನಲ್ಲ. ಒಬ್ಬರು ಚಾತುರ್ಮಾಸ ಮುಗಿಯುವವರೆಗೆ ಹಸಿರು ತರಕಾರಿ ಬಿಡುತ್ತಾರೆ, ಇನ್ನೊಬ್ಬರು ಮಗಳ ಮದುವೆಯಾಗುವವರೆಗೆ ಬೆಲ್ಲ ಬಿಡುತ್ತಾರೆ. ದೇವರ ಮುಂದೆ ಗಡುವು ಹೇಳಿ ಬಿಟ್ಟ ಮೇಲೆ ಆ ಗಡುವು ತೀರುವತನಕ ಅದರ ತಂಟೆಗೆ ಹೋಗುವಂತಿಲ್ಲ. ಸಾಮಾನ್ಯವಾಗಿ ಏನನ್ನು ಬಿಡಬೇಕೆಂದು ಬಿಡುವವರೇ ನಿಶ್ಚಯಿಸಿಕೊಳ್ಳುತ್ತಾರೆ. ಇವಳ ಪಾಲಿಗೆ ಮಾತ್ರ ಅದನ್ನು ಸೋದರಮಾವ ನಿಶ್ಚಯಿಸಿದ್ದರು.

ಆ ಸೋದರಮಾವ ಪದ್ಮರಾಜಯ್ಯನವರಿಗೆ ಹಾಸನದ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಗಳ ಅಂಗಡಿ. ತಂದೆಯಿಲ್ಲದ ಹುಡುಗಿಯನ್ನು ತಮ್ಮ ಮನೆಯಲ್ಲಿಟ್ಟುಕೊಂಡು ಕಾಲೇಜಿಗೆ ಕಳಿಸಲು ಒಪ್ಪಿದ್ದೇ ದೊಡ್ಡದೆಂದು ಊರೆಲ್ಲ ಹೊಗಳಿತು. ಅವರು ತಮ್ಮ ಅಕ್ಕ, ಹುಡುಗಿಯ ತಾಯಿ ವಸಂತಮ್ಮನಿಗೆ ಬಿಡಿಸಿ ಹೇಳಿದ್ದರು.

"ಓದುಸ್ತೀನಿ ಕಣಕ್ಕ, ಇಲ್ಲ ಅನ್ನಲ್ಲ. ಆದ್ರೆ ಹಾಸನದಲ್ಲಿ ಥಿಯೇಟ್ರು ಐತೆ. ಒಂದ್ಸಲ ಒಳಗೆ ಹೋದ ಹುಡುಗಿ ಆಮೇಲೆ ಮನೆ ಮಾತು ಕೇಳಲ್ಲ. ದೇವರ ಮುಂದೆ ನೇಮ ಹಿಡೀಲಿ. ಮುರಿದ ದಿವಸ ಓದು ನಿಂತೋಯ್ತು, ನಾನು ತೋರಿಸಿದ ಗಂಡಿಗೆ ಕುತ್ತಿಗೆ ಕೊಡಬೇಕು."

ಅವರು ತೋರಿಸಲಿದ್ದ ಗಂಡು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಪದ್ಮರಾಜಯ್ಯನವರ ಹೆಂಡತಿ ಪದ್ಮಾವತಮ್ಮನ ತಮ್ಮ ಧನ್ಯಕುಮಾರ ಚನ್ನರಾಯಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು, ಮೂವತ್ತು ದಾಟಿದರೂ ಹೆಣ್ಣು ಸಿಕ್ಕದೆ ಕೂತಿದ್ದ. ಪ್ರೇಮಕುಮಾರಿ ಮಾತ್ರ ನಗುನಗುತ್ತಲೇ ನೇಮ ಹಿಡಿದಳು. ಹುಟ್ಟಿದಾಗಿನಿಂದ ಒಂದೇ ಒಂದು ಸಿನಿಮಾ ನೋಡದವಳಿಗೆ ಅದನ್ನು ಬಿಡುವುದರಲ್ಲಿ ಏನು ಕಷ್ಟ? ಅವಳಿಗೆ ಬೇಕಾಗಿದ್ದುದು ಓದು. ಬಿ.ಎ. ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ ಆಗಿ, ಹಪ್ಪಳ ಲಟ್ಟಿಸಿ ಬದುಕುತ್ತಿದ್ದ ತಾಯಿಯನ್ನು ತನ್ನ ಜೊತೆಗಿಟ್ಟುಕೊಳ್ಳಬೇಕೆಂದಿದ್ದಳು.

ಐವತ್ತೇಳರಲ್ಲಿ ಅವಳು ಜೂನಿಯರ್ ಇಂಟರ್‌ಮೀಡಿಯೆಟ್ ಸೇರಿದಾಗ ಕನ್ನಡಕ್ಕೆ ಬರುತ್ತಿದ್ದವರು ಚನ್ನಪ್ಪ ಮೇಷ್ಟ್ರು. ಅರಕಲಗೂಡಿನ ಕಡೆಯ ಒಕ್ಕಲು ಮನೆತನದವರು, ಆ ವಂಶಕ್ಕೇ ಮೊದಲ ಎಂ.ಎ. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು. ಅವರಿಗಿದ್ದ ರೋಗ ಒಂದೇ, ಗೊತ್ತಿಲ್ಲ ಎಂಬ ಮಾತು ಅವರ ಬಾಯಿಂದ ಹೊರಡುತ್ತಿರಲಿಲ್ಲ. ಯಾವ ಪುಸ್ತಕದ ಹೆಸರೆತ್ತಿದರೂ ಓದಿದ್ದಾಯಿತು, ಯಾವ ಊರಿನ ಹೆಸರೆತ್ತಿದರೂ ನೋಡಿದ್ದಾಯಿತು.

ಆ ವರ್ಷದ ಪಠ್ಯದಲ್ಲಿ ಒಂದು ಕಥನಕವನವಿತ್ತು. ವ್ಯಾಪಾರಕ್ಕೆಂದು ದೂರದೇಶಕ್ಕೆ ಹೋದ ಸೆಟ್ಟಿ ಹನ್ನೆರಡು ವರ್ಷ ಸುಳಿವಿಲ್ಲದೆ ಇದ್ದು ಒಂದು ಸಂಜೆ ಬಂದು ಬಾಗಿಲು ತಟ್ಟುತ್ತಾನೆ. ಹೆಂಡತಿ ಕಣ್ಣೀರಿನಿಂದ ಅವನ ಪಾದ ತೊಳೆಯುತ್ತಾಳೆ. ಕವನ ಅಲ್ಲಿಗೆ ಮುಗಿಯುತ್ತದೆ. ಆ ಕವನವನ್ನೇ ಯಾರೋ ಸಿನಿಮಾ ಮಾಡಿದ್ದರು. ಅದು ಮೈಸೂರಿನಲ್ಲಿ ದಸರೆಯ ಹೊತ್ತಿಗೆ ಎರಡು ವಾರ ಓಡಿ ನಿಂತುಹೋಯಿತು, ಹಾಸನಕ್ಕೆ ಬರಲೇ ಇಲ್ಲ. ಚನ್ನಪ್ಪ ಮೇಷ್ಟ್ರು ಮಾತ್ರ ಮೈಸೂರಿಗೆ ಹೋಗಿ ನೋಡಿ ಬಂದೆನೆಂದು ತರಗತಿಯಲ್ಲಿ ಹೇಳಿಕೊಂಡರು. ಕವನ ಓದಿ, ಸಾಧ್ಯವಿದ್ದವರು ಚಿತ್ರವನ್ನೂ ನೋಡಿ, ತಮ್ಮ ತಮ್ಮ ಮನಸ್ಸಿಗೆ ಅನಿಸಿದ್ದನ್ನು ಬರೆಯಿರಿ ಎಂದು ಕನ್ನಡ ಸಂಘದಿಂದ ಪ್ರಬಂಧ ಸ್ಪರ್ಧೆಯನ್ನೂ ಇಟ್ಟರು.

ಪ್ರೇಮಕುಮಾರಿಯ ಗೆಳತಿ ಜಯಲಕ್ಷ್ಮಿಯ ಅಣ್ಣ ಮೈಸೂರಿನಿಂದ ಆ ಚಿತ್ರದ ಪದ್ಯಾವಳಿ ತಂದುಕೊಟ್ಟಿದ್ದ. ಥಿಯೇಟರ್ ಬಾಗಿಲಲ್ಲಿ ಮಾರುವ ತೆಳ್ಳನೆಯ ಪುಸ್ತಕ, ಹಾಡುಗಳ ಜೊತೆಗೆ ಎರಡು ಪುಟದ ಕಥೆ. ಪದ್ಯಾವಳಿಗಳ ಚಾಳಿಯೇ ಹಾಗೆ, ಕಥೆ ಬಿಸಿಯಾಗುತ್ತಿದ್ದಂತೆ ಕೈಬಿಡುತ್ತವೆ. ಇದೂ ಸೆಟ್ಟಿ ಬಾಗಿಲು ತಟ್ಟಿದಲ್ಲಿಗೆ ನಿಂತು, ಮುಂದೇನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಕೈಮುಗಿದಿತ್ತು.

ಬೆಳ್ಳಿತೆರೆ ಇವಳಿಗೆ ನಿಷಿದ್ಧ. ಅದಕ್ಕೆ ಕೊನೆಯನ್ನು ತಾನೇ ಕಟ್ಟಿದಳು. ಮೊದಲು ಕವನದ ಬಗ್ಗೆ ಬರೆದಳು: "ಈ ಪದ್ಯದಲ್ಲಿ ಹನ್ನೆರಡು ವರ್ಷ ಒಂದೇ ಸಾಲಿನಲ್ಲಿ ಕಳೆದುಹೋಗುತ್ತದೆ. ನನ್ನ ಅಮ್ಮನಿಗೆ ಒಂದು ವರ್ಷ ಕಳೆಯಲು ಎಷ್ಟು ಹಪ್ಪಳ ಲಟ್ಟಿಸಬೇಕಾಯಿತೆಂದು ನಾನು ಕಂಡಿದ್ದೇನೆ. ಕವಿಗೆ ಅವಳ ಕಣ್ಣೀರು ಕಂಡಿತು, ಕೈ ಕಾಣಲಿಲ್ಲ." ಆಮೇಲೆ ಚಿತ್ರದ ಬಗ್ಗೆ. ಚಿತ್ರದಲ್ಲಿ ಹೆಂಡತಿ ಬಾಗಿಲು ತೆರೆಯುತ್ತಾಳೆ, ಅಳುವುದಿಲ್ಲ. ಎಲೆ ಹಾಕಿ ಬಡಿಸುತ್ತಾಳೆ. ನೀನೂ ಕೂತುಕೋ ಎಂದು ಗಂಡ ಕರೆದರೆ, ಹೊತ್ತು ಮುಳುಗಿದೆ, ನಾನಿನ್ನು ಉಣ್ಣುವಂತಿಲ್ಲ ಎನ್ನುತ್ತಾಳೆ. ಅವನು ಮಜ್ಜಿಗೆ ಬೇಡಿ ತಲೆಯೆತ್ತುವ ಹೊತ್ತಿಗೆ ಹಿತ್ತಿಲ ಬಾಗಿಲು ತೆರೆದಿರುತ್ತದೆ, ಅವಳು ಇರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದ ಮನೆಯ ಹುಡುಗಿ ತನ್ನ ಮನೆಯ ಮಾತನ್ನೇ ಸೆಟ್ಟಿಯ ಹೆಂಡತಿಯ ಬಾಯಲ್ಲಿಟ್ಟಿದ್ದಳು. ಅದು ಬೇರೆಯವರಿಗೆ ವಿಚಿತ್ರವಾಗಿ ಕಂಡೀತೆಂಬ ಯೋಚನೆಯೂ ಅವಳಿಗೆ ಬರಲಿಲ್ಲ.

ಮೊದಲ ಬಹುಮಾನ ಅವಳಿಗೇ ಬಂತು. ಬಹುಮಾನವೆಂದರೆ ಹೆಸರು ಕೊರೆಸಿದ ಒಂದು ಹಿತ್ತಾಳೆ ಚೊಂಬು, ದಾನ ಕೊಟ್ಟವರು ಪದ್ಮರಾಜಯ್ಯನವರೇ. ಜರಿ ಪೇಟ ಸುತ್ತಿ ಮುಂದಿನ ಸಾಲಿನಲ್ಲಿ ಕೂತಿದ್ದ ಅವರ ಎದುರಿಗೇ ಚನ್ನಪ್ಪ ಮೇಷ್ಟ್ರು ಪ್ರಬಂಧದ ಕೊನೆಯ ಭಾಗವನ್ನು ಗಟ್ಟಿಯಾಗಿ ಓದಿದರು. ಓದಿ ಮುಗಿಸಿ, "ಈ ದೃಶ್ಯವನ್ನು ಮೈಸೂರಿನಲ್ಲಿ ನೋಡುವಾಗ ನಾನೂ ಕಣ್ಣೊರೆಸಿಕೊಂಡೆ. ಈ ಹುಡುಗಿ ಎಷ್ಟು ಸೂಕ್ಷ್ಮವಾಗಿ ನೋಡಿದ್ದಾಳೆ ನೋಡಿ," ಎಂದರು.

ಜನ ಚಪ್ಪಾಳೆ ತಟ್ಟಿದರು, ಪದ್ಮರಾಜಯ್ಯನವರ ಕೈ ಮಾತ್ರ ಅಲ್ಲಾಡಲಿಲ್ಲ. ದಸರೆಗೆ ನಾಲ್ಕು ದಿನ ಇವಳು ಮೈಸೂರಿನ ನೆಂಟರ ಮನೆಗೆ ಹೋಗಿಬಂದದ್ದು ಅವರಿಗೆ ಚೆನ್ನಾಗಿ ನೆನಪಿತ್ತು.

ಮನೆಯಲ್ಲಿ ವಿಚಾರಣೆ ನಡೆಯಿತು. ತನಗೆ ಗೊತ್ತಿದ್ದದ್ದು ಇಷ್ಟೇ ಎಂದು ಪ್ರೇಮಕುಮಾರಿ ಪದ್ಯಾವಳಿ ತೋರಿಸಿದಳು. "ನೋಡಿ, ಪುಸ್ತಕಾನೂ ಕೊಂಡ್ಕೊಂಡು ಬಂದವ್ಳೆ," ಎಂದು ಪದ್ಮಾವತಮ್ಮ ಗಂಡನ ಕೈಗೆ ಕೊಟ್ಟಳು. ತಮ್ಮನಿಗೆ ಹೆಣ್ಣು ಸಿಕ್ಕಿದ ಸಂತೋಷ ಅವಳ ಮುಖದಲ್ಲಿ ಮುಚ್ಚಿಟ್ಟುಕೊಳ್ಳಲಾರದಷ್ಟಿತ್ತು.

"ಮಾವ, ಯಾವ ಸಿನಿಮಾದವಳು ಹೊತ್ತು ಮುಳುಗ್ತು ಉಣ್ಣಲ್ಲ ಅಂತಾಳೆ? ಅದು ನಮ್ಮನೆ ಮಾತು. ನಾನೇ ಕಟ್ಟಿ ಬರೆದದ್ದು."

"ನಮ್ಮನೆ ಮಾತು ತಗೊಂಡೋಗಿ ಸಿನಿಮಾದವಳ ಬಾಯಿಗೆ ಹಾಕ್ದೆಯಾ? ಅದು ಬೇರೆ," ಎಂದರು ಪದ್ಮರಾಜಯ್ಯ. "ನಾಳೆ ಮೇಷ್ಟ್ರುನ್ನೇ ಕೇಳ್ತೀನಿ."

ಮಾರನೆಯ ದಿನ ಮಾವ ಬರುವ ಮೊದಲೇ ಅವಳು ಮೇಷ್ಟ್ರ ಕೋಣೆಗೆ ಓಡಿದಳು. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದಳು. ನೇಮ, ಪದ್ಯಾವಳಿ, ಕಟ್ಟಿದ ಕೊನೆ, ಯಾವುದನ್ನೂ ಬಚ್ಚಿಡಲಿಲ್ಲ. "ಬಹುಮಾನ ವಾಪಸ್ ಕೊಡ್ತೀನಿ ಸಾರ್. ನಾನು ನೋಡಿಲ್ಲ ಅಂತ ಮಾವನಿಗೆ ಒಂದು ಮಾತು ಹೇಳಿ, ಸಾಕು."

ಚನ್ನಪ್ಪ ಮೇಷ್ಟ್ರ ಮುಖ ಬಿಳಿಚಿಕೊಂಡಿತು. ತುಸು ಹೊತ್ತು ಮೇಜಿನ ಮೇಲಿನ ಹಾಜರಿ ಪುಸ್ತಕವನ್ನು ಸರಿಸಾಡಿದರು.

"ಹಾಗಾದ್ರೆ ಸಾರ್," ಎಂದಳು ಅವಳು, ಆಗ ತಾನೇ ಹೊಳೆದಂತೆ, "ಆ ದೃಶ್ಯ ನಿಜವಾಗ್ಲೂ ಚಿತ್ರದಲ್ಲಿ ಇದೆಯಾ?"

"ಇದೆ," ಎಂದರು ಮೇಷ್ಟ್ರು. "ನೀನು ಬರೆದ ಹಾಗೇ ಇದೆ."

ಅಂಥ ಆಪತ್ತಿನಲ್ಲೂ ಹುಡುಗಿಯ ಎದೆ ಅರಳಿತು. ಎಲ್ಲೋ ದೂರದ ಮದರಾಸಿನಲ್ಲಿ, ತನ್ನ ಹೆಸರೂ ಕೇಳದ ಯಾರೋ ಒಬ್ಬರು ತಾನು ಕಂಡದ್ದನ್ನೇ ಕಂಡಿದ್ದಾರೆ. ಅಷ್ಟರಲ್ಲಿ ಪದ್ಮರಾಜಯ್ಯನವರು ಬಂದರು. ಬಂದವರು ಕೂರಲೂ ಇಲ್ಲ.

"ಮೇಷ್ಟ್ರೇ, ಒಂದೇ ಮಾತು. ಸಿನಿಮಾ ನೋಡದೆ ಇದನ್ನ ಬರೆಯಕ್ಕಾಗುತ್ತಾ?"

ಚನ್ನಪ್ಪ ಮೇಷ್ಟ್ರು ಹುಡುಗಿಯ ಕಡೆ ನೋಡಲಿಲ್ಲ. ಅವಳು ನೋಡಿಲ್ಲವೆಂದು ಒಪ್ಪಿದರೆ ಮಾತು ಎಲ್ಲಿಗೆ ಮುಟ್ಟುತ್ತದೆಂದು ಲೆಕ್ಕ ಹಾಕುವಷ್ಟು ಬುದ್ಧಿ ಅವರಿಗಿತ್ತು. "ಆಗೋದಿಲ್ಲ ಸ್ವಾಮಿ," ಎಂದರು. "ಕಣ್ಣಲ್ಲಿ ಕಂಡವರು ಮಾತ್ರ ಹಾಗೆ ಬರೆಯಬಲ್ಲರು. ಇದ್ದದ್ದು ಇದ್ದ ಹಾಗೇ ಇದೆ."

ಅಲ್ಲಿಗೆ ಅವಳ ಓದು ಮುಗಿಯಿತು. ಕಾಲ್ಗುಣ, ಹಣೆಬರಹ ಎಂದೆಲ್ಲ ಜನ ಮಾತಾಡಿದರು. ನಾನು ಹೇಳುವುದಾದರೆ, ಒಬ್ಬ ವಿದ್ಯಾವಂತ ತನ್ನ ಸುಳ್ಳೊಂದನ್ನು ಉಳಿಸಿಕೊಳ್ಳಲು ಒಂದು ಹುಡುಗಿಯ ಬಾಳನ್ನು ಎತ್ತಿಕೊಟ್ಟ, ಅಷ್ಟೇ. ಮಗಳು ನಿಜ ಹೇಳುತ್ತಿದ್ದಾಳೆಂದು ವಸಂತಮ್ಮನೊಬ್ಬಳು ನಂಬಿದಳು, ಆದರೆ ಹಪ್ಪಳ ಲಟ್ಟಿಸುವವಳ ನಂಬಿಕೆಗೆ ಬೆಲೆಯೆಲ್ಲಿ? ವೈಶಾಖದಲ್ಲಿ ಧನ್ಯಕುಮಾರನ ಜೊತೆ ಮದುವೆಯಾಯಿತು. ಹೆಸರು ಕೊರೆಸಿದ ಚೊಂಬನ್ನು ಪದ್ಮಾವತಮ್ಮ ಬಳುವಳಿಯ ಪಾತ್ರೆಗಳ ಜೊತೆಗೇ ಎಣಿಸಿ ಕೊಟ್ಟಳು.

ಚನ್ನರಾಯಪಟ್ಟಣದ ಆ ಮನೆಯಲ್ಲಿ ಪ್ರೇಮಕುಮಾರಿ ಹತ್ತು ವರ್ಷ ಬೇಳೆ ಆರಿಸಿದಳು, ಪೊಟ್ಟಣ ಕಟ್ಟಿದಳು, ಒಂದು ಹೆಣ್ಣು ಹೆತ್ತಳು. ಪುಸ್ತಕ ಕಂಡರೆ ಗಂಡನಿಗೆ ಆಗುತ್ತಿರಲಿಲ್ಲ. "ಬರೆದೇ ಅಲ್ವಾ ನೀನು ಇಲ್ಲಿಗೆ ಬಂದದ್ದು," ಎಂದು ನೆಂಟರ ಮುಂದೆಯೇ ಹಂಗಿಸುತ್ತಿದ್ದ. ಆದರೂ ಅವಳೊಳಗೆ ಯಾರೂ ಕಾಣದ ಒಂದು ಆಸ್ತಿಯಿತ್ತು. ತನ್ನ ದೃಶ್ಯ ಎಲ್ಲೋ ಒಂದು ಡಬ್ಬಿಯಲ್ಲಿ ಸುರುಳಿ ಸುತ್ತಿಕೊಂಡು ಕೂತಿದೆ, ಸೆಟ್ಟಿಯ ಹೆಂಡತಿ ಹಿತ್ತಿಲ ಬಾಗಿಲಿನಿಂದ ಹೊರಟು ಹೋಗುತ್ತಲೇ ಇದ್ದಾಳೆ ಎಂದುಕೊಂಡು ದಿನ ನೂಕುತ್ತಿದ್ದಳು. ಮೇಷ್ಟ್ರ ಮೇಲೂ ಅವಳಿಗೆ ಕೋಪವಿರಲಿಲ್ಲ. ಚಿತ್ರದಲ್ಲಿ ಹಾಗೇ ಇದ್ದಾಗ ಅವರು ತಾನೇ ಇನ್ನೇನು ಹೇಳಿಯಾರು?

ಅರವತ್ತೆಂಟರಲ್ಲಿ ಪಟ್ಟಣದ ಹೊರಗೆ ಟೆಂಟ್ ಸಿನಿಮಾ ಬಂತು. ಹಳೆಯ ಚಿತ್ರಗಳನ್ನು ತಂದು ತೋರಿಸುವ ಟೆಂಟು. ಒಂದು ದಿನ ಆ ಸೆಟ್ಟಿಯ ಚಿತ್ರವೇ ಬಂತು. ಧನ್ಯಕುಮಾರ ಅಂದೇಕೋ ಖುಷಿಯಲ್ಲಿದ್ದ. "ಬಾ, ಕದ್ದು ನೋಡಿದ್ದನ್ನ ಈವತ್ತು ಗಂಡನ ಜೊತೆ ನೋಡೀವಂತೆ," ಎಂದು ಕರೆದ. ಅವಳು ಬರುವುದಿಲ್ಲವೆಂದಳು. ಅವನು ಒಂಬತ್ತು ವರ್ಷದ ಮಗಳು ಚಂದ್ರಪ್ರಭಾಳನ್ನು ಕರೆದುಕೊಂಡು ಹೋದ.

ಮರುದಿನ ಬೆಳಗ್ಗೆ ಪ್ರೇಮಕುಮಾರಿ ಬಚ್ಚಲ ಮುಂದೆ ಕೂತು ಹುಣಸೆಹಣ್ಣು ಹಾಕಿ ಚೊಂಬು ಉಜ್ಜುತ್ತಿದ್ದಳು. ಮಗಳು ಎದ್ದು ಬಂದು ಪಕ್ಕದಲ್ಲಿ ಕೂತಳು. ಕೇಳಲೋ ಬೇಡವೋ ಎಂದುಕೊಂಡೇ ಪ್ರೇಮಕುಮಾರಿ ಕೇಳಿದಳು.

"ಸೆಟ್ಟಿ ಬಂದು ಬಾಗಿಲು ತಟ್ಟಿದ ಮೇಲೆ ಏನಾಯ್ತೇ ಚಂದ್ರಿ?"

"ಅವಳು ಅತ್ಕೊಂಡು ಕಾಲು ತೊಳುದ್ಳು. ಆಮೇಲೆ ಇಬ್ರೂ ಉಯ್ಯಾಲೆ ಮೇಲೆ ಕೂತ್ಕೊಂಡು ಹಾಡು ಹೇಳುದ್ರು. ಮುಗುದೋಯ್ತು."

"ಊಟಕ್ಕೆ ಬಡಿಸ್ಲಿಲ್ವಾ?"

"ಇಲ್ಲಮ್ಮ."

"ಹಿತ್ತಿಲ ಬಾಗಿಲು?"

"ಅವರ ಮನೇಗೆ ಹಿತ್ತಿಲೇ ಇರ್ಲಿಲ್ಲ."

ಪ್ರೇಮಕುಮಾರಿ ಮಗಳ ಮುಖವನ್ನೇ ನೋಡಿದಳು. ಹತ್ತು ವರ್ಷದ ಹಿಂದೆ ಹಾಜರಿ ಪುಸ್ತಕ ಸರಿಸಾಡಿದ ಆ ಕೈ, ಬಿಳಿಚಿದ ಆ ಮುಖ ಯಾಕೆ ಹಾಗಿದ್ದವೆಂದು ಅವಳಿಗೆ ಈಗ ತಿಳಿಯಿತು. ಅವರೂ ನೋಡಿರಲಿಲ್ಲ. ಅವಳಿಗೆ ಅಳು ಬರಲಿಲ್ಲ. ಚೊಂಬಿನ ಮೇಲೆ ಕೊರೆದಿದ್ದ ತನ್ನ ಹೆಸರನ್ನು ಹುಣಸೆಹಣ್ಣಿನಿಂದ ಮತ್ತೆ ಮತ್ತೆ ಉಜ್ಜಿದಳು. ಅದು ಅಳಿಸುವುದಿರಲಿ, ಇನ್ನಷ್ಟು ಫಳಫಳ ಹೊಳೆಯಿತು.

"ನೀನ್ಯಾಕಮ್ಮ ಬರ್ಲಿಲ್ಲ?" ಎಂದಿತು ಮಗು.

"ನಂಗೆ ನೇಮ ಐತೆ ಕಣೆ."

"ಯಾವಾಗ ಮುಗೀತದೆ?"

"ಬಿ.ಎ. ಪಾಸಾದ ಮೇಲೆ."

ಅಮ್ಮ ತಮಾಷೆ ಮಾಡುತ್ತಿದ್ದಾಳೆಂದುಕೊಂಡು ಚಂದ್ರಪ್ರಭಾ ನಕ್ಕುಬಿಟ್ಟಳು. ಅಪ್ಪನಿಗೆ ಹೇಳಲು ಅಂಗಡಿಗೆ ಓಡಿದಳು. ತುಸು ಹೊತ್ತಿಗೆ ಅಂಗಡಿಯಿಂದ ಧನ್ಯಕುಮಾರನ ನಗು ಕೇಳಿಸಿತು, ಆಮೇಲೆ ಸಾಮಾನಿಗೆ ಬಂದು ನಿಂತಿದ್ದವರ ನಗುವೂ.